ನಿದ್ದೆ ಮಾಡದ ಬೀಜಗಳು

ಮೊದಲ ಸಲ ಮ್ಯಾಂಗೋಸ್ಟೀನ್ ಬೀಜಗಳನ್ನು ಕಳೆದುಕೊಂಡದ್ದು ಜೋಪಾನ ಮಾಡಲು ಹೋಗಿಯೇ. ಹಣ್ಣು ತಿಂದ ಮೇಲೆ ಐದು ಬೀಜ ಉಳಿದವು. ಚೆನ್ನಾಗಿ ತೊಳೆದೆ. ಹಳೇ ಪೇಪರ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿದೆ. ಪೊಟ್ಟಣ ಕಟ್ಟಿ, ಮೇಲೆ ಹೆಸರು, ತಾರೀಖು ಬರೆದು ಡಬ್ಬಿಯಲ್ಲಿಟ್ಟೆ. ಟೊಮೆಟೊ, ಮೆಣಸಿನಕಾಯಿ, ಹೀರೆ, ಕುಂಬಳ ಎಲ್ಲಕ್ಕೂ ಹೀಗೇ ಮಾಡಿಕೊಂಡು ಬಂದವಳು ನಾನು. ಒಂದು ತಿಂಗಳ ನಂತರ ಕುಂಡ ಸಿದ್ಧ ಮಾಡಿ ಬಿತ್ತಿದೆ. ಎರಡು ತಿಂಗಳು ನೀರು ಹಾಕಿದೆ. ಕೊನೆಗೆ ಬೆರಳಿನಿಂದ ಮಣ್ಣು ಕೆದಕಿ ನೋಡಿದರೆ ಬೀಜಗಳು ಹಾಕಿದ ಜಾಗದಲ್ಲೇ ಇದ್ದವು, ಕಪ್ಪಗೆ. ಉಗುರಿನಿಂದ ಒತ್ತಿದರೆ ಒಳಗೆ ಬರೀ ಲೊಳಲೊಳ.

ಅವು ಕುಂಡದಲ್ಲಿ ಸತ್ತದ್ದಲ್ಲ, ಪೇಪರ್ ಮೇಲೆಯೇ ಸತ್ತಿದ್ದವು. ಇದು ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು.

ನಮಗೆ ಗೊತ್ತಿರುವ ತರಕಾರಿ, ಧಾನ್ಯದ ಬೀಜಗಳು ಒಣಗಿದಾಗ ಒಂದು ರೀತಿ ನಿದ್ದೆಗೆ ಹೋಗುತ್ತವೆ. ಒಳಗಿನ ನೀರು ನೂರಕ್ಕೆ ಐದು ಭಾಗಕ್ಕೆ ಇಳಿದರೂ ಜೀವ ಹಿಡಿದುಕೊಂಡಿರುತ್ತವೆ. ಆದರೆ ವರ್ಷವಿಡೀ ಮಳೆ, ಸೆಕೆ ಇರುವ ಕಾಡುಗಳಿಂದ ಬಂದ ಎಷ್ಟೋ ಹಣ್ಣಿನ ಮರಗಳಿಗೆ ಈ ನಿದ್ದೆ ಗೊತ್ತಿಲ್ಲ. ಅಲ್ಲಿ ಹಣ್ಣು ಬಿದ್ದ ಜಾಗ ಒದ್ದೆ, ಬೆಚ್ಚಗೆ. ಬಿದ್ದ ತಕ್ಷಣ ಮೊಳೆಯುವುದೇ ಜಾಣತನ, ಕಾಯುವ ಅಗತ್ಯವೇ ಇಲ್ಲ. ಹಾಗಾಗಿ ಮ್ಯಾಂಗೋಸ್ಟೀನ್, ರಾಂಬುಟಾನ್, ಡುರಿಯನ್, ಲಾಂಗ್‌ಸಾಟ್, ಅಬಿಯು, ಕೋಕೋ, ನಮ್ಮ ಹಲಸು ಕೂಡ, ಹಣ್ಣಿನಿಂದ ಹೊರಗೆ ಬರುವಾಗಲೇ ಎಚ್ಚರವಾಗಿರುತ್ತವೆ. ಬೀಜದ ಒಳಗೆ ಉಸಿರಾಟ ನಡೆಯುತ್ತಲೇ ಇರುತ್ತದೆ. ನೀರು ಒಂದು ಮಟ್ಟಕ್ಕಿಂತ ಇಳಿದರೆ ಜೀವ ಹೋಯಿತು, ಮತ್ತೆ ನೆನೆಸಿದರೂ ಬರುವುದಿಲ್ಲ. 1973ರಲ್ಲಿ ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ ಒಣಗಿಸಿದರೆ ತಾಳುವ ಬೀಜಗಳನ್ನು 'ಆರ್ಥೊಡಾಕ್ಸ್' ಎಂದೂ ತಾಳದವನ್ನು 'ರಿಕ್ಯಾಲ್ಸಿಟ್ರೆಂಟ್' ಎಂದೂ ಕರೆದರು. ಎರಡನೆಯದಕ್ಕೆ ಮಾತು ಕೇಳದ, ಹಟಮಾರಿ ಅನ್ನುವ ಅರ್ಥ. ಆ ಹೆಸರು ನನಗೆ ಒಪ್ಪಿಗೆಯಾಗಲಿಲ್ಲ. ಅವು ಹಟ ಮಾಡುವುದಿಲ್ಲ. ಅವಕ್ಕೆ ನಿದ್ದೆ ಬರುವುದಿಲ್ಲ, ಅಷ್ಟೇ.

ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಒಂದು ದೊಡ್ಡ ಬೀಜ ಭಂಡಾರ ತೆರೆದರು ಅಲ್ವಾ, ಅಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಆ ಭಂಡಾರಕ್ಕೆ ಮ್ಯಾಂಗೋಸ್ಟೀನ್ ಬೀಜ ಕೊಟ್ಟರೆ ಉಳಿಯುವುದಿಲ್ಲ. ಇಂಥ ಹಣ್ಣುಗಳನ್ನು ಉಳಿಸಬೇಕಾದರೆ ಮುಖ್ಯವಾಗಿ ಮರವಾಗಿಯೇ ಉಳಿಸಬೇಕು, ತೋಟದಲ್ಲಿ ಬೆಳೆಸಿಕೊಂಡೇ ಇರಬೇಕು. ಇದನ್ನು ತಿಳಿದ ದಿನ ನನ್ನ ಕುಂಡಗಳ ಮೇಲೆ ನನಗಿದ್ದ ಭಾವನೆಯೇ ಬದಲಾಯಿತು.

ಎರಡನೇ ಸಲ ಹಣ್ಣು ಆರಿಸುವುದರಿಂದಲೇ ಶುರು ಮಾಡಿದೆ. ಮ್ಯಾಂಗೋಸ್ಟೀನ್ ಸಿಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸ್ವಲ್ಪ ಬಗ್ಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಹಣ್ಣು ಕಿತ್ತು ಬಹಳ ದಿನವಾಗಿದೆ ಎಂದರ್ಥ. ಹಣ್ಣಿನ ತಳದಲ್ಲಿ ಹೂವಿನ ಆಕಾರದ ಗುರುತು ಇರುತ್ತದೆ. ಅದರ ಎಸಳು ಎಣಿಸಿದರೆ ಒಳಗೆ ಎಷ್ಟು ತೊಳೆ ಇದೆ ಅಂತ ಒಡೆಯುವ ಮೊದಲೇ ಹೇಳಬಹುದು. ಎಲ್ಲ ತೊಳೆಯಲ್ಲೂ ಬೀಜ ಇರುವುದಿಲ್ಲ. ಸಣ್ಣ ತೊಳೆಗಳು ಬರೀ ತಿರುಳು, ಒಂದೆರಡು ದೊಡ್ಡ ತೊಳೆಯಲ್ಲಿ ಮಾತ್ರ ತುಂಬಿದ ಬೀಜ. ದಪ್ಪ ಬೀಜದಿಂದ ಬಂದ ಸಸಿಯೇ ಗಟ್ಟಿ. ಚಪ್ಪಟೆ ಬೀಜಗಳನ್ನೂ ಬಿಡಲು ಮನಸ್ಸಾಗದೆ ಹಾಕಿ ನೋಡಿದ್ದೇನೆ. ಮೊಳೆತರೂ ಎರಡು ಎಲೆ ಬಿಟ್ಟು ನಿಂತುಬಿಡುತ್ತವೆ.

ಹಣ್ಣಿನೊಳಗೇ ಇದ್ದರೆ ಬೀಜ ಮೂರರಿಂದ ಐದು ವಾರ ಜೀವಂತವಾಗಿರುತ್ತದೆ. ಹೊರಗೆ ತೆಗೆದು ಗಾಳಿಗೆ ಬಿಟ್ಟರೆ ಲೆಕ್ಕ ದಿನಗಳಿಗೆ ಬರುತ್ತದೆ. ಅದಕ್ಕೇ ನಾನು ಈಗ ಕುಂಡ, ಮಣ್ಣು, ನೀರು ಎಲ್ಲ ತಯಾರಾದ ಮೇಲೆಯೇ ಹಣ್ಣು ಒಡೆಯುತ್ತೇನೆ.

ತಿರುಳು ತೆಗೆಯುವುದು ಕೇಳಲು ಸಣ್ಣ ಕೆಲಸ, ಆದರೆ ಅರ್ಧ ಸೋಲು ಗೆಲುವು ಇಲ್ಲೇ ಇದೆ. ಒಂದು ಎಳೆ ಸಿಹಿ ತಿರುಳು ಉಳಿದರೂ ಮೂರನೇ ದಿನ ಬೂಷ್ಟು ಬರುತ್ತದೆ. ರಾಂಬುಟಾನ್‌ನಲ್ಲಿ ಇದು ಇನ್ನೂ ಕಷ್ಟ. ತಿರುಳಿಗೆ ಬೀಜದ ಹೊರ ಪದರ ಅಂಟಿಕೊಂಡೇ ಬರುತ್ತದೆ. ಚಾಕು ಮುಟ್ಟಿಸಬೇಡಿ, ಬೀಜಕ್ಕೆ ಗಾಯವಾದರೆ ಕೊಳೆ ಅಲ್ಲಿಂದಲೇ ಹತ್ತುತ್ತದೆ. ಒದ್ದೆ ಮರಳಿನಲ್ಲಿ ಹಾಕಿ ಅಂಗೈಯಲ್ಲಿ ಮೆಲ್ಲಗೆ ಉಜ್ಜುವುದು ನನಗೆ ಸರಿ ಕಂಡ ದಾರಿ. ಆಮೇಲೆ ನಾಲ್ಕೈದು ಸಲ ನೀರು ಬದಲಿಸಿ ತೊಳೆಯುತ್ತೇನೆ. ಬೆರಳಿಗೆ ಜಾರು ಹತ್ತದಿದ್ದರೆ ಸಾಕು.

ನೀರಿಗೆ ಹಾಕಿದಾಗ ತೇಲುವ ಬೀಜವನ್ನು ಎಸೆಯಿರಿ ಅಂತ ತುಂಬಾ ಜನ ಹೇಳುತ್ತಾರೆ. ಈ ಹಣ್ಣುಗಳಿಗೆ ಆ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ತೇಲಿದ ರಾಂಬುಟಾನ್ ಬೀಜ ಮೊಳೆತದ್ದನ್ನು ಕಣ್ಣಾರೆ ನೋಡಿದ್ದೇನೆ, ಮುಳುಗಿದ್ದು ಕೊಳೆತದ್ದನ್ನೂ ನೋಡಿದ್ದೇನೆ.

ಆ ಎರಡನೇ ಸಲ ಎರಡೂ ಹಣ್ಣಿನ ಬೀಜ ಒಟ್ಟಿಗೇ ಹಾಕಿದೆ. ಆರು ರಾಂಬುಟಾನ್, ನಾಲ್ಕು ಮ್ಯಾಂಗೋಸ್ಟೀನ್. ತೊಳೆದ ಕೊಕೊಪೀಟ್‌ಗೆ (ತೆಂಗಿನ ನಾರಿನ ಪುಡಿ) ಪರ್ಲೈಟ್ ಎಂಬ ಹಗುರ ಬಿಳಿ ಹರಳು ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿ ಮಾತ್ರ ಬೀಳುವಷ್ಟು ಒದ್ದೆ ಮಾಡಿ, ಪಾರದರ್ಶಕ ಡಬ್ಬಿಯಲ್ಲಿ ತುಂಬಿದೆ. ರಾಂಬುಟಾನ್ ಬೀಜವನ್ನು ಚಪ್ಪಟೆ ಬದಿ ಕೆಳಗೆ ಬರುವಂತೆ ಮಲಗಿಸಬೇಕು, ಆಗ ಸಸಿ ನೆಟ್ಟಗೆ ಏಳುತ್ತದೆ. ಡಬ್ಬಿಯನ್ನು ಬಿಸಿಲು ಬೀಳದ, ಆದರೆ ಬೆಚ್ಚಗಿರುವ ಕಪಾಟಿನ ಮೇಲಿಟ್ಟೆ. ಇವಕ್ಕೆ 25ರಿಂದ 30 ಡಿಗ್ರಿ ಹಿತ. ಫ್ರಿಜ್ ಅಂತೂ ವಿಷವೇ. ತಂಪಿನಲ್ಲಿ ಬೀಜ ಹಾಳಾಗದೆ ಇರುತ್ತದೆ ಅನ್ನುವುದು ಇಲ್ಲಿ ತಲೆಕೆಳಗು.

"ಏನೇ, ಆ ಡಬ್ಬೀನ ಎಷ್ಟು ಸಲ ತೆಗೆದು ನೋಡ್ತೀಯ? ಅದಕ್ಕೂ ಸ್ವಲ್ಪ ಹೊತ್ತು ಕೊಡು" ಅಂತ ಅಮ್ಮ ಹೇಳುತ್ತಲೇ ಇದ್ದರು. ಅವರು ಹೇಳಿದ್ದು ಸರಿ. ಆದರೂ ದಿನಕ್ಕೊಮ್ಮೆ ಎರಡು ನಿಮಿಷ ಮುಚ್ಚಳ ತೆಗೆದು ಗಾಳಿ ಆಡಿಸುವುದು ಒಳ್ಳೆಯದು. ಉಸಿರಾಡುವ ಬೀಜಕ್ಕೆ ಗಾಳಿಯೂ ಬೇಕು.

ಹನ್ನೊಂದನೇ ದಿನ ಮೊದಲ ರಾಂಬುಟಾನ್ ಬಿರಿಯಿತು. ಬೀಜ ಎರಡು ಹೋಳಾಗಿ ತೆರೆದು, ನಡುವಿನಿಂದ ದಪ್ಪ ಬಿಳಿ ಬೇರು ಕೆಳಗಿಳಿದಿತ್ತು. ಆರರಲ್ಲಿ ಐದು ಬಂದವು. ಆ ಸಂತೋಷದಲ್ಲಿ ಮ್ಯಾಂಗೋಸ್ಟೀನ್ ಕಡೆ ಗಮನ ಕಡಿಮೆಯಾಯಿತು ಅಂತಲೇ ಹೇಳಬೇಕು.

ಇಪ್ಪತ್ತಮೂರನೇ ದಿನ ನೋಡಿದಾಗ ನಾನು ಹಿಂದೆಂದೂ ನೋಡದ ಸಂಗತಿ ಅಲ್ಲಿ ನಡೆದಿತ್ತು. ಮ್ಯಾಂಗೋಸ್ಟೀನ್ ಬೀಜದ ಒಂದು ತುದಿಯಿಂದ ತೆಳ್ಳಗಿನ ಬೇರು ಬಂದಿತ್ತು. ಚಿಗುರು ಅದರ ಪಕ್ಕದಲ್ಲಿರಲಿಲ್ಲ, ಎದುರು ತುದಿಯಿಂದ ಬಂದಿತ್ತು! ಬೀಜ ನಡುವೆ ಉಂಡೆಯಂತೆ ಕೂತಿತ್ತು. ಕೆಲವು ದಿನಗಳಲ್ಲಿ ಚಿಗುರಿನ ಬುಡದಿಂದಲೇ ಇನ್ನೊಂದು ಬೇರು ಹೊರಟಿತು, ಮೊದಲಿನದಕ್ಕಿಂತ ದಪ್ಪ. ನಿಜವಾದ ಬೇರು ಇದೇ. ಮೊದಲು ಬಂದದ್ದು ನಿಧಾನವಾಗಿ ಸೊರಗಿ ಹೋಗುತ್ತದೆ. ಮೊದಲ ಬೇರು ಕಂದಾದದ್ದು ನೋಡಿ ನಾನು ಸಸಿ ಹೋಯಿತೆಂದು ಎಸೆಯಲು ಹೊರಟಿದ್ದೆ. ಮ್ಯಾಂಗೋಸ್ಟೀನ್ ಸೇರಿರುವ ಗಾರ್ಸಿನಿಯಾ ಕುಲದ ಬೇರೆ ಕೆಲವು ಹಣ್ಣುಗಳೂ ಹೀಗೇ ಮೊಳೆಯುತ್ತವೆ. ಆ ಕುಲದ ಬೀಜ ಹಾಕಿದವರು ಇದೊಂದನ್ನು ನೆನಪಿಟ್ಟರೆ ಎಷ್ಟೋ ಸಸಿ ಉಳಿಯುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು. ಮ್ಯಾಂಗೋಸ್ಟೀನ್ ಬೀಜ ಪರಾಗಸ್ಪರ್ಶದಿಂದ ಆದದ್ದೇ ಅಲ್ಲ. ತಾಯಿಮರದ ಅಂಗಾಂಶದಿಂದಲೇ ಬೆಳೆದದ್ದು. ಅಂದರೆ ಬೀಜದಿಂದ ಬಂದ ಸಸಿ ತಾಯಿಯದೇ ಪಡಿಯಚ್ಚು. ಹಣ್ಣು ಹೇಗಿರುತ್ತದೋ ಎಂಬ ಅನುಮಾನ ಇಲ್ಲ. ಒಂದೇ ಬೀಜದಿಂದ ಎರಡು ಚಿಗುರು ಬರುವುದೂ ಉಂಟು. ನನ್ನ ನಾಲ್ಕರಲ್ಲಿ ಮೂರು ಮೊಳೆತವು, ಒಂದು ಜೋಡಿಯಾಗಿ ಬಂತು.

ರಾಂಬುಟಾನ್ ವಿಷಯ ಹಾಗಲ್ಲ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು ಮರ ಆಗಬಹುದು, ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಗಂಡೋ ಅಲ್ಲವೋ ಅಂತ ಗೊತ್ತಾಗುವುದು ಐದಾರು ವರ್ಷ ಸಾಕಿದ ಮೇಲೆ. ಜಾಗ ಕಡಿಮೆ ಇದ್ದು ಹಣ್ಣೇ ಬೇಕು ಅನ್ನುವವರು ರಾಂಬುಟಾನ್ ಮಾತ್ರ ಕಸಿ ಗಿಡ ತರುವುದೇ ಸರಿ. ನಾನು ನನ್ನ ಐದನ್ನೂ ಬೆಳೆಸಿದೆ, ಮೂರನ್ನು ಜಾಗ ಇದ್ದವರಿಗೆ ಈ ಮಾತು ಹೇಳಿಯೇ ಕೊಟ್ಟೆ.

ನಷ್ಟ ಆದದ್ದು ಇದರ ನಂತರ. ಧೈರ್ಯ ಬಂದಿತ್ತು. ಕಾಂಡಕ್ಕೇ ಅಂಟಿಕೊಂಡು ಹಣ್ಣು ಬಿಡುವ ಜಬೋಟಿಕಾಬಾ, ಅಬಿಯು, ಮಿರಾಕಲ್ ಫ್ರೂಟ್ ಬೀಜ ತರಿಸಿದೆ. ಅಬಿಯು ಬೀಜಗಳನ್ನು ಮಾರಿದವರು ಒಣ ಕವರಿನಲ್ಲಿ ಹಾಕಿ ಕಳಿಸಿದ್ದರು. ಹತ್ತು ದಿನದ ದಾರಿ. ಕವರ್ ಕೈಗೆತ್ತಿಕೊಂಡಾಗ ಗಲಗಲ ಸದ್ದು ಬಂತು, ಅಷ್ಟರಲ್ಲೇ ಗೊತ್ತಾಯಿತು. ಹತ್ತರಲ್ಲಿ ಒಂದೂ ಏಳಲಿಲ್ಲ. ಜಬೋಟಿಕಾಬಾ ಒಬ್ಬ ಗೆಳತಿ ಕಳಿಸಿದ್ದು, ಒದ್ದೆ ಪಾಚಿಯಲ್ಲಿ ಸುತ್ತಿ ಜಿಪ್ ಕವರಿನಲ್ಲಿ. ಅವು ದಾರಿಯಲ್ಲೇ ಮೊಳೆತು ಬಂದಿದ್ದವು. ಅಂದಿನಿಂದ ಬೀಜ ತರಿಸುವ ಮೊದಲು ಕೇಳುವುದು ಒಂದೇ ಪ್ರಶ್ನೆ: ಹಣ್ಣಿನಿಂದ ಯಾವತ್ತು ತೆಗೆದಿರಿ, ಯಾವುದರಲ್ಲಿ ಸುತ್ತಿ ಕಳಿಸುತ್ತೀರಿ? ಉತ್ತರ ಕೊಡದವರಿಂದ ಕೊಳ್ಳುವುದಿಲ್ಲ. ಬೇರೆ ದೇಶದಿಂದ ತರಿಸುವವರು ಸಸ್ಯ ಆರೋಗ್ಯದ ಪ್ರಮಾಣಪತ್ರದ ನಿಯಮವನ್ನೂ ನೋಡಿಕೊಳ್ಳಬೇಕು. ಬೀಜದ ಜೊತೆ ರೋಗ, ಕೀಟ ಬರುವುದು ಬರೀ ಕಾಗದದ ಭಯವಲ್ಲ.

ಜಬೋಟಿಕಾಬಾ ಸಸಿಗಳು ಹುಲ್ಲಿನ ಎಳೆಯಷ್ಟು ಸಣ್ಣಗಿದ್ದವು, ತುದಿಯಲ್ಲಿ ತಾಮ್ರದ ಬಣ್ಣದ ಎಲೆ. ಹದಿನಾಲ್ಕು ಇದ್ದವು. ಅಷ್ಟು ಮೆತ್ತಗೆ ಕಂಡಿದ್ದಕ್ಕೆ ಜಾಸ್ತಿ ಕಾಳಜಿ ಮಾಡಿದೆ. ಮುಚ್ಚಳ ತೆಗೆಯಲೇ ಇಲ್ಲ, ದಿನಾ ಎರಡು ಹೊತ್ತು ನೀರು ಚಿಮುಕಿಸಿದೆ. ಒಂದು ಬೆಳಿಗ್ಗೆ ಮೂರು ಸಸಿ ಮಲಗಿದ್ದವು. ಬುಡದಲ್ಲಿ, ಮಣ್ಣಿಗೆ ತಾಗುವ ಜಾಗದಲ್ಲಿ, ಕಾಂಡ ದಾರದಂತೆ ಸಣ್ಣಗಾಗಿ ಕಂದಾಗಿತ್ತು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಸಂಜೆಗೆ ಏಳು. ನಾಲ್ಕನೇ ದಿನ ಉಳಿದದ್ದು ಐದು.

ಇದನ್ನು ಬುಡಕೊಳೆ ಅನ್ನುತ್ತಾರೆ. ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮ ಜೀವಿಗಳ ಕೆಲಸ. ನಿಂತ ಗಾಳಿ, ತೊಟ್ಟಿಕ್ಕುವ ತೇವ, ಕಡಿಮೆ ಬೆಳಕು ಸಿಕ್ಕರೆ ಒಂದು ರಾತ್ರಿಯಲ್ಲಿ ಹರಡುತ್ತದೆ. ಬಿದ್ದ ಸಸಿ ಉಳಿಯುವುದಿಲ್ಲ. ಉಳಿದ ಐದನ್ನು ಬೇರೆ ಬೇರೆ ಕುಂಡಕ್ಕೆ ಹಾಕಿದೆ. ಮುಚ್ಚಳ ಪೂರ್ತಿ ತೆಗೆದೆ. ಮೇಲ್ಮಣ್ಣಿನ ಮೇಲೆ ಒಂದು ಪದರ ದಪ್ಪ ಮರಳು ಹರಡಿದೆ, ಬುಡ ಒಣಗಿರಲಿ ಅಂತ. ನೀರನ್ನು ಮೇಲಿನಿಂದ ಹಾಕುವುದು ಬಿಟ್ಟು ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಲು ಬಿಟ್ಟೆ, ಅರ್ಧ ಗಂಟೆ, ಆಮೇಲೆ ಉಳಿದ ನೀರು ಚೆಲ್ಲಿದೆ. ಪಕ್ಕದಲ್ಲಿ ಚಿಕ್ಕ ಫ್ಯಾನ್ ಇಟ್ಟೆ, ಎಲೆ ಸ್ವಲ್ಪವೇ ಅಲುಗಾಡುವಷ್ಟು. ಐದೂ ಉಳಿದವು. ಬೀಜಕ್ಕೆ ಬೇಕಾದ ಮುಚ್ಚಿಟ್ಟ ತೇವ ಸಸಿಗೆ ಬೇಡ, ಎಲೆ ಬಿರಿದ ಮೇಲೆ ದಿನಾ ಸ್ವಲ್ಪ ಸ್ವಲ್ಪವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ಒಂದು ವಾರ ಹಿಡಿದರೂ ಪರವಾಗಿಲ್ಲ.

ಆಮೇಲಿನ ಪಾಠ ನೀರಿನದು. ಆರು ತಿಂಗಳಾಗುವಾಗ ಜಬೋಟಿಕಾಬಾ ಎಲೆಗಳ ತುದಿ ಸುಟ್ಟಂತೆ ಕಂದಾಯಿತು. ಮಿರಾಕಲ್ ಫ್ರೂಟ್ ಗಿಡದ ಹೊಸ ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ಗೊಬ್ಬರ ಸಾಲದು ಅಂದುಕೊಂಡು ಹಾಕಿದೆ, ಇನ್ನೂ ಕೆಟ್ಟಿತು. ತೊಂದರೆ ಇದ್ದದ್ದು ನಲ್ಲಿಯ ಗಡಸು ನೀರಿನಲ್ಲಿ. ಈ ಎರಡೂ ಗಿಡಗಳಿಗೆ ಹುಳಿ ಮಣ್ಣು ಬೇಕು. ಮಿರಾಕಲ್ ಫ್ರೂಟ್‌ಗೆ ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.5ರಿಂದ 5.8ರ ನಡುವೆ ಇದ್ದರೆ ಚೆಂದ. ಗಡಸು ನೀರಿನ ಸುಣ್ಣದ ಅಂಶ ಮಣ್ಣಿನ ಹುಳಿಯನ್ನು ದಿನಾ ಸ್ವಲ್ಪ ಸ್ವಲ್ಪ ಕಳೆಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಮಳೆ ನೀರು ಹಿಡಿದಿಟ್ಟು ಅದನ್ನೇ ಹಾಕತೊಡಗಿದೆ. ಒಂದು ಸಲ ಕುಂಡದ ಕೆಳಗಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ಉಪ್ಪಿನಂಶ ತೊಳೆದೆ. ಹಳೇ ಎಲೆ ಸರಿಯಾಗಲಿಲ್ಲ, ಅವು ಸರಿಯಾಗುವುದೂ ಇಲ್ಲ. ಆದರೆ ಮುಂದಿನ ಚಿಗುರು ಹಸಿರಾಗಿ ಬಂತು. ಗಿಡದ ಉತ್ತರ ಯಾವಾಗಲೂ ಹೊಸ ಎಲೆಯಲ್ಲಿ ಓದಬೇಕು. ಕೊಕೊಪೀಟ್‌ನಲ್ಲೂ ಉಪ್ಪು ಇರುತ್ತದೆ. ಬಳಸುವ ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ.

ಕುಂಡದ ಬಗ್ಗೆ ಒಂದೇ ಮಾತು: ಅಗಲಕ್ಕಿಂತ ಆಳ ನೋಡಿ. ಮ್ಯಾಂಗೋಸ್ಟೀನ್‌ಗೆ ಉದ್ದನೆಯ ತಾಯಿಬೇರು, ಪಕ್ಕದ ಬೇರು ಬಹಳ ಕಡಿಮೆ, ಅದೂ ನಾಜೂಕು. ಒಂದು ಸಸಿಯನ್ನು ನಾನು ಬೇರು ಬಿಡಿಸಿ ಬೇರೆ ಕುಂಡಕ್ಕೆ ಹಾಕಿದೆ. ಎಂಟು ತಿಂಗಳು ಒಂದು ಎಲೆಯೂ ಬಿಡದೆ ನಿಂತು, ಆಮೇಲೆ ಒಣಗಿತು. ಉಳಿದವನ್ನು ಮಣ್ಣಿನ ಗಟ್ಟಿ ಸಮೇತ, ಬೇರು ಮುಟ್ಟದೆ ಬದಲಿಸಿದೆ.

ಮ್ಯಾಂಗೋಸ್ಟೀನ್ ಬೆಳೆಯುವ ರೀತಿ ನೋಡಲು ಬೇರೆಯದೇ ಮನಸ್ಸು ಬೇಕು. ಒಂದು ಜೋಡಿ ಎಲೆ ಬಿಡುತ್ತದೆ. ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಮತ್ತೆ ಒಂದು ದಿನ ತುದಿಯಲ್ಲಿ ಎರಡು ಎಲೆ ಒಂದಕ್ಕೊಂದು ಅಂಟಿಕೊಂಡು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತ ಹೊರಬರುತ್ತವೆ. ಮೊದಲ ವರ್ಷದ ಕೊನೆಗೆ ನನ್ನ ಗಿಡ ಒಂದು ಗೇಣು ಇತ್ತು. ಈ ಗಿಡಕ್ಕೆ ಮೊದಲ ಎರಡು ಮೂರು ವರ್ಷ ನೆರಳು ಬೇಕೇ ಬೇಕು, ನಾನು ಅರ್ಧ ಬೆಳಕು ತಡೆಯುವ ಬಲೆ ಕಟ್ಟಿದ್ದೇನೆ. ಹಣ್ಣು ಬಿಡಲು ಎಂಟು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದನ್ನು ಗೊತ್ತಿದ್ದೇ ಬಿತ್ತಿದ್ದೇನೆ. ಕಾಯುವ ತಾಳ್ಮೆ ಬಂದದ್ದು, ನಿಜ ಹೇಳಬೇಕೆಂದರೆ, ಪಕ್ಕದಲ್ಲಿ ಬೇಗ ಹಣ್ಣು ಬಿಡುವ ಗಿಡಗಳೂ ಇದ್ದದ್ದರಿಂದ. ಜಬೋಟಿಕಾಬಾದಲ್ಲೇ ಸಾಮಾನ್ಯ ಜಾತಿ ಎಂಟು ಹತ್ತು ವರ್ಷ ತೆಗೆದುಕೊಂಡರೆ, ಕೆಂಪು ಹೈಬ್ರಿಡ್ ಜಾತಿ ಮೂರು ನಾಲ್ಕು ವರ್ಷಕ್ಕೇ ಬಿಡಬಲ್ಲದು. ಅಬಿಯು ಮೂರು ವರ್ಷಕ್ಕೆ. ಹೊಸದಾಗಿ ಶುರು ಮಾಡುವವರು ನಿಧಾನದ ಒಂದು ಗಿಡದ ಜೊತೆ ಬೇಗದ ಎರಡು ಗಿಡ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ನನ್ನಲ್ಲಿ ಮೊದಲು ಹೂ ಬಿಟ್ಟದ್ದು ಮಿರಾಕಲ್ ಫ್ರೂಟ್, ನಾಲ್ಕನೇ ವರ್ಷ. ಮೊಣಕಾಲೆತ್ತರದ ಗಿಡ. ಎಲೆಗಳ ಬುಡದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಹೂ, ಹುಡುಕಿ ನೋಡಬೇಕು. ಮೊದಲ ಹೂಗಳು ಎಲ್ಲ ಉದುರಿದವು. ಮುಂದಿನ ಸಲ ಗಿಡವನ್ನು ದಿನಾ ಬೆಳಿಗ್ಗೆ ಮೆಲ್ಲಗೆ ಅಲ್ಲಾಡಿಸಿದೆ, ಪರಾಗ ಉದುರಲಿ ಅಂತ. ಮೂರು ಕಾಯಿ ನಿಂತವು. ಕಡುಗೆಂಪಾದವು, ಬೆರಳ ತುದಿಯಷ್ಟು ದಪ್ಪ.

ಆ ಹಣ್ಣಿಗೆ ತನ್ನದೇ ರುಚಿ ಅಂತ ಹೆಚ್ಚೇನಿಲ್ಲ. ಅದರಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನ್ ನಾಲಿಗೆಗೆ ಅಂಟಿಕೊಂಡು, ಆಮೇಲೆ ಹುಳಿ ತಿಂದರೆ ಸಿಹಿ ಅನ್ನಿಸುವ ಹಾಗೆ ಮಾಡುತ್ತದೆ. ಒಂದು ಹಣ್ಣನ್ನು ಅಮ್ಮನಿಗೆ ಕೊಟ್ಟೆ. ತಿರುಳನ್ನು ಬಾಯಲ್ಲೆಲ್ಲ ಆಡಿಸಿ, ಬೀಜ ಅಂಗೈಗೆ ಉಗುಳಿ, ನಿಂಬೆ ಹೋಳು ಬಾಯಿಗಿಟ್ಟರು. ಮುಖ ಹುಳ್ಳಗೆ ಮಾಡಲು ತಯಾರಾಗಿದ್ದರು. ಹಾಗೇ ಒಂದು ಕ್ಷಣ ನಿಂತು, ಏನೂ ಹೇಳದೆ ಇಡೀ ಹೋಳು ಚೀಪಿದರು. ಆಮೇಲೆ ಇನ್ನೊಂದು ಹೋಳಿಗೆ ಕೈ ಚಾಚಿದರು.

ನನ್ನ ಗಮನ ಅವರ ಅಂಗೈಯಲ್ಲಿದ್ದ ಬೀಜದ ಮೇಲಿತ್ತು. ಇಸಿದುಕೊಂಡು ತೊಳೆದೆ. ನಾನು ತಿಂದ ಹಣ್ಣಿನದೂ ಸೇರಿ ಎರಡನ್ನು ಕೂಡಲೇ ಕೊಕೊಪೀಟ್‌ಗೆ ಹಾಕಿದೆ, ಡಬ್ಬಿ ಹಿಂದಿನ ದಿನವೇ ತಯಾರಿತ್ತು. ಮೂರನೇ ಹಣ್ಣು ಪಕ್ಕದ ಮನೆಯವರಿಗೆ. ಅವರಿಗೆ ಗಿಡ ಬೆಳೆಸುವ ಆಸೆ ಬಹಳ. ತಿಂದು ಮುಗಿಸಿ, ಬೀಜವನ್ನು ಒಣ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಲು ಹೊರಟರು. "ಮಳೆ ಶುರುವಾದ ಮೇಲೆ ಹಾಕ್ತೀನಿ" ಅಂದರು. ನಾನು ಅದನ್ನು ವಾಪಸು ತೆಗೆದುಕೊಂಡು, ಒದ್ದೆ ಬಟ್ಟೆಯ ತುಂಡಿನಲ್ಲಿ ಸುತ್ತಿ, ಸಣ್ಣ ಡಬ್ಬಿಯಲ್ಲಿಟ್ಟು ಕೊಟ್ಟೆ.

"ಇವತ್ತೇ ಹಾಕಿಬಿಡಿ. ಕುಂಡ ಇಲ್ಲದಿದ್ದರೆ ನಾನು ಕೊಡ್ತೀನಿ, ಈಗಲೇ ಒಯ್ಯಿರಿ."